ಪದವಿ ಪ್ರವೇಶ: ಮೊದಲು ಸೀಟು ಕೊಡಿ, ಉಳಿದ ಕಾಗದ ಆಮೇಲೆ ಕೇಳಿ

ನಮಸ್ಕಾರ. ದ್ವಿತೀಯ ಪಿಯುಸಿ ಫಲಿತಾಂಶ ಬಂತೆಂದರೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಮನೆಮನೆಯಲ್ಲೂ ಅಂಕಗಳದ್ದೇ ಮಾತು. ಆದರೆ ಪದವಿ ಕಾಲೇಜೊಂದರ ಪ್ರವೇಶ ಸಮಿತಿಯಲ್ಲಿ ಕುಳಿತು ಅರ್ಜಿಗಳನ್ನು ಪರಿಶೀಲಿಸುವ ನಾನು ಕಾಣುತ್ತಿರುವುದು ಬೇರೆಯದೇ ಸಂಕಟ. ಬಿ.ಎ., ಬಿ.ಕಾಂ. ಸೇರಬೇಕೆಂದು ಹಳ್ಳಿಯಿಂದ ಬರುವ ಮಕ್ಕಳನ್ನು ಬಾಗಿಲಲ್ಲಿ ತಡೆಯುತ್ತಿರುವುದು ಹೆಚ್ಚಾಗಿ ಕಾಗದಪತ್ರಗಳು. ಇಂದು ಈ ವಿಷಯವನ್ನೇ ನಿಮ್ಮ ಮುಂದೆ ಇಡುತ್ತೇನೆ.

ಅರ್ಹತೆಯ ನಿಯಮವೇನೋ ಸರಳವಾಗಿಯೇ ಇದೆ. 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಈ ಎರಡೂ ಜಿಲ್ಲೆಗಳ ಪದವಿ ಕಾಲೇಜುಗಳು ಬರುತ್ತವೆ. ಪಿಯುಸಿ ಅಥವಾ ಅದಕ್ಕೆ ಸಮಾನವಾದ ಪರೀಕ್ಷೆಯಲ್ಲಿ ಉತ್ತೀರ್ಣರಾದವರು ಪದವಿಗೆ ಅರ್ಹರು, ಬಿ.ಎಸ್ಸಿ.ಗೆ ವಿಜ್ಞಾನ ವಿಭಾಗದಲ್ಲಿ ಓದಿರಬೇಕು. 2021-22ರಲ್ಲಿ ಬಂದಿದ್ದ ನಾಲ್ಕು ವರ್ಷಗಳ ಪದವಿಯನ್ನು ಸರ್ಕಾರ ಕೈಬಿಟ್ಟು, 2024-25ರಿಂದ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿದ್ದರಿಂದ ಆ ಗೊಂದಲವೂ ಮುಗಿದಿದೆ.

ಇನ್ನು ಕಾಗದಗಳಿಗೆ ಬರೋಣ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಓದಿದ ಕಾಲೇಜಿನ ವರ್ಗಾವಣೆ ಪತ್ರ, ಆಧಾರ್, ನಾಡಕಚೇರಿಯಿಂದ ತಂದ ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಹೊರಗಿನ ಮಂಡಳಿಯಲ್ಲಿ ಓದಿದವರಾದರೆ ವಲಸೆ ಪ್ರಮಾಣ ಪತ್ರ, ಹರಪನಹಳ್ಳಿ ಕಡೆಯಿಂದ ಬರುವವರಾದರೆ ಕಲ್ಯಾಣ ಕರ್ನಾಟಕದ ಮೀಸಲಾತಿಗೆಂದು ಉಪವಿಭಾಗಾಧಿಕಾರಿ ಕೊಡುವ 371-ಜೆ ಪ್ರಮಾಣ ಪತ್ರ, ವಿದ್ಯಾರ್ಥಿವೇತನಕ್ಕೆ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ಹೀಗೆ ಒಂದರ ಹಿಂದೆ ಒಂದು ಬರುತ್ತವೆ. ಇವುಗಳಲ್ಲಿ ಅನಗತ್ಯವೆನ್ನುವಂಥದ್ದು ಕಡಿಮೆಯೇ. ಆದರೆ ಎಲ್ಲವೂ ಒಂದೇ ದಿನ, ಒಂದೇ ಮೇಜಿನ ಮೇಲೆ, ಒಂದಕ್ಷರವೂ ವ್ಯತ್ಯಾಸವಿಲ್ಲದೆ ಇರಬೇಕೆಂದು ಹಟ ಹಿಡಿಯುತ್ತೇವಲ್ಲ, ತೊಡಕು ಶುರುವಾಗುವುದು ಅಲ್ಲಿ.

ಒಂದು ಪ್ರಸಂಗ ಹೇಳುತ್ತೇನೆ. ಜಗಳೂರು ತಾಲ್ಲೂಕಿನ ಹಳ್ಳಿಯೊಂದರಿಂದ ತಂದೆ ಮತ್ತು ಮಗಳು ಬಂದಿದ್ದರು. ಹುಡುಗಿಯ ಹೆಸರು ಕವಿತಾ ಎಂದಿಟ್ಟುಕೊಳ್ಳಿ. ಅಂಕಪಟ್ಟಿಯಲ್ಲಿ ಆ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಟಿ’ ಅಕ್ಷರದ ಮುಂದೆ ‘ಎಚ್’ ಇತ್ತು, ಆಧಾರ್‌ನಲ್ಲಿ ಇರಲಿಲ್ಲ. ಇನಿಷಿಯಲ್ ಒಂದರಲ್ಲಿ ಹೆಸರಿನ ಹಿಂದೆ, ಇನ್ನೊಂದರಲ್ಲಿ ಮುಂದೆ. ಅರ್ಜಿ ಸ್ವೀಕರಿಸುವ ಮೇಜಿನಲ್ಲಿ ‘ಸರಿಮಾಡಿಸಿಕೊಂಡು ಬನ್ನಿ’ ಎಂದು ಅವರನ್ನು ವಾಪಸ್ ಕಳಿಸಿದ್ದರು. ಆ ತಂದೆ ಪ್ಲಾಸ್ಟಿಕ್ ಕವರಿನೊಳಗಿನ ಕಾಗದಗಳನ್ನು ಮತ್ತೆ ಮತ್ತೆ ಮಡಚಿ ಒಳಗಿಡುತ್ತಾ, ‘ಸಾರ್, ಮೆಕ್ಕೆಜೋಳದ ಬಿತ್ತನೆ ಬಿಟ್ಟು ಬಂದೀನಿ, ಇವತ್ತು ಹೆಸರು ಬರ್ಕೊಳ್ರಿ, ಅದನ್ನ ಆಮೇಲೆ ಮಾಡಿಸಿ ತಂದ್ಕೊಡ್ತೀನಿ’ ಎಂದರು. ಅವರು ಕೇಳಿದ್ದರಲ್ಲಿ ಅನ್ಯಾಯವೇನಿದೆ? ಮಗು ಅದೇ ಮಗು, ಫೋಟೊ ಅದೇ, ಹುಟ್ಟಿದ ದಿನಾಂಕ ಅದೇ, ತಂದೆ ಎದುರಿಗೇ ನಿಂತಿದ್ದಾರೆ. ಮುಚ್ಚಳಿಕೆ ಬರೆಸಿಕೊಂಡು ತಾತ್ಕಾಲಿಕ ಪ್ರವೇಶ ನೀಡಿ, ತಿದ್ದುಪಡಿಗೆ ಕಾಲಾವಕಾಶ ಕೊಡುವುದೇ ಸರಿಯಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರವೇಶದ ದಿನ ಅನಿವಾರ್ಯವಾಗಿ ನೋಡಬೇಕಾದದ್ದು ಪಿಯುಸಿ ಅಂಕಪಟ್ಟಿ ಮತ್ತು ವರ್ಗಾವಣೆ ಪತ್ರ. ಮಿಕ್ಕವು ತಡವಾಗಿ ಬಂದರೆ ಯಾರಿಗೂ ನಷ್ಟವಿಲ್ಲ.

ಹೆಸರಿನ ಈ ವ್ಯತ್ಯಾಸ ಹುಟ್ಟುವುದು ಹತ್ತನೇ ತರಗತಿಯಲ್ಲೇ. ಪರೀಕ್ಷೆಗೆ ಮುಂಚೆ ಶಾಲೆಯಿಂದ ಮಂಡಳಿಗೆ ಹೋಗುವ ನಾಮಿನಲ್ ರೋಲ್ ಎಂಬ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಹೆಸರು, ತಂದೆತಾಯಿಯ ಹೆಸರು, ಜನ್ಮದಿನಾಂಕ ಇರುತ್ತವೆ. ಅದನ್ನು ಆಧಾರ್ ಜೊತೆ ಇಟ್ಟು ಸಾವಕಾಶವಾಗಿ ಓದಿದರೆ ಮುಂದಿನ ಎಷ್ಟೋ ಓಡಾಟ ತಪ್ಪುತ್ತದೆ. ಈ ಮಾತನ್ನು ಕೇಳುತ್ತಿರುವ ಪೋಷಕರ ಮಕ್ಕಳು ಈಗ ಎಸ್ಸೆಸ್ಸೆಲ್ಸಿಯಲ್ಲಿದ್ದರೆ, ದಯವಿಟ್ಟು ನೀವೇ ಶಾಲೆಗೆ ಹೋಗಿ ಆ ಪಟ್ಟಿಯನ್ನು ಕೇಳಿ ನೋಡಿ.

2021-22ರಿಂದ ಪದವಿ ಪ್ರವೇಶದ ನೋಂದಣಿ ಯುಯುಸಿಎಂಎಸ್ ಎಂಬ ಏಕೀಕೃತ ಜಾಲತಾಣದಲ್ಲಿ ನಡೆಯುತ್ತಿದೆ. ಪ್ರವೇಶ, ಶುಲ್ಕ, ಪರೀಕ್ಷಾ ಅರ್ಜಿ, ಫಲಿತಾಂಶ ಎಲ್ಲವೂ ಅಲ್ಲೇ. ವ್ಯವಸ್ಥೆ ಒಳ್ಳೆಯದು, ಆದರೆ ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಕ್ಕಳು ಅರ್ಜಿ ತುಂಬಿಸುವುದು ಸೈಬರ್ ಸೆಂಟರಿನಲ್ಲಿ. ಅಲ್ಲಿ ಗಡಿಬಿಡಿಯಲ್ಲಿ ಅಂಗಡಿಯವರ ಮೊಬೈಲ್ ಸಂಖ್ಯೆಯನ್ನೋ ಯಾರದೋ ಇಮೇಲನ್ನೋ ಹಾಕಿಬಿಡುತ್ತಾರೆ. ಮೊದಲ ಸೆಮಿಸ್ಟರ್ ಪರೀಕ್ಷೆಗೆ ಅರ್ಜಿ ಹಾಕುವ ಹೊತ್ತಿಗೆ ಒಟಿಪಿ ಯಾರ ಫೋನಿಗೋ ಹೋಗುತ್ತದೆ. ಮನೆಯವರದೇ ಆದ, ಮೂರು ವರ್ಷ ಬದಲಾಯಿಸದ ಸಂಖ್ಯೆಯನ್ನು ಕೊಡಿ ಎಂದು ಪ್ರತಿ ಪಿಯು ಕಾಲೇಜಿನವರೂ ಮಕ್ಕಳಿಗೆ ಹೇಳಿ ಕಳಿಸಬೇಕು.

ನನ್ನ ದೊಡ್ಡ ಆಕ್ಷೇಪವಿರುವುದು, ಸರ್ಕಾರದ ಬಳಿ ಈಗಾಗಲೇ ಇರುವ ಮಾಹಿತಿಯನ್ನು ಮಗುವಿನ ಕೈಯಲ್ಲೇ ಮತ್ತೆ ತರಿಸುವುದರ ಬಗ್ಗೆ. ಸಿಇಟಿ ಮೂಲಕ ಎಂಜಿನಿಯರಿಂಗ್ ಮುಂತಾದ ವೃತ್ತಿಪರ ಕೋರ್ಸುಗಳಿಗೆ ಹೋಗುವವರಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಒಂದರಿಂದ ಹತ್ತನೇ ತರಗತಿಯವರೆಗೆ ಎಲ್ಲಿ, ಯಾವ ಮಾಧ್ಯಮದಲ್ಲಿ ಓದಿದೆ ಎಂಬುದಕ್ಕೆ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕೆಂದು ಹೇಳಿ ಮಕ್ಕಳನ್ನು ವರ್ಷಗಟ್ಟಲೆ ಅಲೆಸಿದ್ದೇವೆ. ಮೊಳಕಾಲ್ಮೂರಿನಲ್ಲಿ ಪ್ರಾಥಮಿಕ ಶಾಲೆ, ಚಳ್ಳಕೆರೆಯಲ್ಲಿ ಪ್ರೌಢಶಾಲೆ ಓದಿದ ಹುಡುಗ ಎರಡು ತಾಲ್ಲೂಕುಗಳ ಕಚೇರಿಗೆ ಹೋಗಬೇಕಾಗಿತ್ತು. ಆದರೆ ಶಾಲೆಯಲ್ಲಿರುವ ಪ್ರತಿ ಮಗುವಿಗೂ ಸ್ಯಾಟ್ಸ್ ಎಂಬ ವಿದ್ಯಾರ್ಥಿ ಗುರುತಿನ ಸಂಖ್ಯೆಯಿದೆ, ಓದಿದ ಶಾಲೆಯ ವಿವರ ಇಲಾಖೆಯ ಗಣಕದಲ್ಲೇ ಇದೆ. ಜಾತಿ ಪ್ರಮಾಣ ಪತ್ರದ ಮೇಲಿರುವ ಆರ್.ಡಿ. ಎಂಬ ಕ್ರಮಸಂಖ್ಯೆಯನ್ನು ನಮೂದಿಸಿದರೆ ಅದರ ಸತ್ಯಾಸತ್ಯತೆ ಕಂದಾಯ ಇಲಾಖೆಯ ದಾಖಲೆಯಲ್ಲೇ ಸಿಗುತ್ತದೆ. ಒಂದು ಇಲಾಖೆ ಇನ್ನೊಂದು ಇಲಾಖೆಯನ್ನು ಕೇಳಬೇಕಾದದ್ದನ್ನು ಕೂಲಿ ಬಿಟ್ಟು ಬಂದ ತಾಯಿಯೊಬ್ಬಳ ಹೆಗಲಿಗೆ ಹಾಕುವುದು ಎಳ್ಳಷ್ಟೂ ಸರಿಯಲ್ಲ.

ಪೋಷಕರು ತಿಳಿದಿರಲೇಬೇಕಾದ ಇನ್ನೊಂದು ಸಂಗತಿಯಿದೆ. ಮೂಲ ಅಂಕಪಟ್ಟಿಗಳನ್ನು ಕಾಲೇಜುಗಳು ತಮ್ಮ ಬಳಿ ಇಟ್ಟುಕೊಳ್ಳುವಂತಿಲ್ಲ, ಪರಿಶೀಲಿಸಿ ಕೂಡಲೇ ಹಿಂದಿರುಗಿಸಬೇಕು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ಅಕ್ಟೋಬರ್‌ನಲ್ಲೇ ಅಧಿಸೂಚನೆ ಹೊರಡಿಸಿದೆ. ಶುಲ್ಕ ಕಟ್ಟಿದ ಮೇಲೆ ಬೇರೆಡೆ ಸೀಟು ಸಿಕ್ಕಿದರೆ ಏನು ಮಾಡಬೇಕೆಂಬುದೂ ಅದರಲ್ಲಿದೆ: ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕಿಂತ ಮುಂಚೆ ಬಿಟ್ಟರೆ ಅಲ್ಪ ಪ್ರಕ್ರಿಯಾ ಶುಲ್ಕವನ್ನು ಕಳೆದು ಪೂರ್ತಿ ಹಣ, ಅದರ ನಂತರ ಕೊನೆಯ ದಿನದೊಳಗೆ ಬಿಟ್ಟರೆ ಶೇ 90, ಕೊನೆಯ ದಿನದ ಬಳಿಕ 15 ದಿನದೊಳಗಾದರೆ ಶೇ 80, 30 ದಿನದೊಳಗಾದರೆ ಶೇ 50 ವಾಪಸ್ ಬರಬೇಕು. ‘ಮೂಲ ಅಂಕಪಟ್ಟಿ ಕೊಡುವುದಿಲ್ಲ, ಪೂರ್ತಿ ಮೂರು ವರ್ಷದ ಶುಲ್ಕ ಕಟ್ಟಿ’ ಎಂದು ಯಾರಾದರೂ ಹೆದರಿಸಿದರೆ ಈ ಅಧಿಸೂಚನೆಯನ್ನು ಮುಂದಿಟ್ಟು, ಲಿಖಿತವಾಗಿ ಉತ್ತರ ಕೇಳಿ.

2024ರಿಂದ ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಾಗಿವೆ. ಮೊದಲ ಪರೀಕ್ಷೆಯಲ್ಲಿ ಎಡವಿದವರು ನಂತರದ ಪರೀಕ್ಷೆಯಲ್ಲಿ ಪಾಸಾಗಿ ಅದೇ ವರ್ಷ ಪದವಿಗೆ ಸೇರಲಿ ಎಂಬುದೇ ಇದರ ಆಶಯ. ಹೀಗಿರುವಾಗ ಕೊನೆಯ ಪರೀಕ್ಷೆಯ ಫಲಿತಾಂಶ ಬಂದು, ಅಂಕಪಟ್ಟಿ ಮತ್ತು ವರ್ಗಾವಣೆ ಪತ್ರ ಕೈಸೇರುವಷ್ಟು ದಿನಗಳನ್ನು ಬಿಟ್ಟೇ ಪ್ರವೇಶದ ಕೊನೆಯ ದಿನಾಂಕವನ್ನು ನಿಗದಿಪಡಿಸಬೇಕೆಂದು ವಿಶ್ವವಿದ್ಯಾನಿಲಯವನ್ನು ಕೋರುತ್ತೇನೆ. ಪ್ರತಿ ತಾಲ್ಲೂಕಿನ ಸರ್ಕಾರಿ ಪದವಿ ಕಾಲೇಜಿನಲ್ಲಿ, ಮೇ ತಿಂಗಳಿಂದ ಪ್ರವೇಶ ಮುಗಿಯುವವರೆಗೆ, ಅರ್ಜಿ ತುಂಬಿಸಿಕೊಟ್ಟು ಕಾಗದ ತಾಳೆ ನೋಡುವ ಒಂದು ಸಹಾಯ ಕೇಂದ್ರವನ್ನೂ ತೆರೆಯಲಿ. ಅಲ್ಲಿ ಕೂರಲು ಅಧ್ಯಾಪಕರು ಬೇಕೆಂದರೆ ನಾನು ಬರಲು ಸಿದ್ಧನಿದ್ದೇನೆ, ಬರಬಲ್ಲ ಸಹೋದ್ಯೋಗಿಗಳೂ ಇದ್ದಾರೆ.