ಶೇಂಗಾ ಮುಸುರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಸಂಜೆ ನಾಲ್ಕೂವರೆಗೆ ಮಗಳು ಶಾಲೆಯಿಂದ ಬಂದು ಚೀಲ ಬಿಸಾಡಿ ಕೇಳುವ ಮೊದಲ ಮಾತು, "ಅಮ್ಮಾ, ತಿನ್ನೋಕೆ ಏನಿದೆ?" ನಿಮ್ಮ ಮನೆಯಲ್ಲೂ ಅದೇ ಮಾತಿರಬಹುದು. ನಮ್ಮಲ್ಲಿ ಮಾತ್ರ ನಾನು ಉತ್ತರ ಕೊಡುವ ಮೊದಲು ಮನಸ್ಸಿನಲ್ಲೇ ನಾಲ್ಕು ಹೆಸರು ಎಣಿಸಿಕೊಳ್ಳಬೇಕು. ಕಡಲೆಕಾಯಿ, ಎಳ್ಳು, ಹಾಲು, ಗೋಧಿ. ನಾಲ್ಕೂ ಅವಳಿಗೆ ಅಲರ್ಜಿ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಅರಗದೆ ಹೊಟ್ಟೆ ಉಬ್ಬರಿಸುವುದು ಬೇರೆ, ಇದು ಬೇರೆ. ಇಲ್ಲಿ ಆಹಾರದ ಪ್ರೋಟೀನನ್ನೇ ಮೈಯ ಕಾವಲುಪಡೆ ಶತ್ರು ಎಂದುಕೊಂಡು ಎದ್ದು ನಿಲ್ಲುತ್ತದೆ. ಮೈಮೇಲೆ ದದ್ದು, ತುಟಿ ಊತ, ವಾಂತಿ. ಜೋರಾದರೆ ಉಸಿರಿಗೇ ಸಂಚಕಾರ.

ನಮ್ಮತ್ತೆ ಧಾರವಾಡದ ಕಡೆಯವರು. ಶೇಂಗಾ ಹಿಂಡಿ ಇಲ್ಲದ ಊಟ ಅವರಿಗೆ ಊಟವೇ ಅಲ್ಲ. "ಒಂದ್ ಚೂರು ತಿಂದ್ರ ಏನಾಗ್ತೈತಿ, ರೂಢಿ ಆಗ್ತೈತಿ ಬಿಡು" ಎನ್ನುತ್ತಿದ್ದರು. ನಾನು ವಾದ ಮಾಡಿ ಮಾಡಿ ಸೋತಿದ್ದೆ.

ಒಂದು ಬೆಳಗ್ಗೆ ಅವಲಕ್ಕಿ ಒಗ್ಗರಣೆ ಹಾಕಿದೆ. ಕಡಲೆಕಾಯಿ ಒಂದು ಕಾಳೂ ಹಾಕಿರಲಿಲ್ಲ. ಅರ್ಧ ಗಂಟೆಯೊಳಗೆ ಮಗಳ ತುಟಿ ದಪ್ಪಗಾಯಿತು, ಕತ್ತಿನ ತುಂಬ ದದ್ದು. ಪುಣ್ಯಕ್ಕೆ ಅಷ್ಟಕ್ಕೇ ನಿಂತಿತು. ಆಮೇಲೆ ಹೊಳೆಯಿತು. ಹಿಂದಿನ ರಾತ್ರಿ ಶೇಂಗಾ ಚಟ್ನಿಪುಡಿ ಮಾಡಿದ್ದ ಮಿಕ್ಸಿ ಜಾರಿನಲ್ಲೇ ಬೆಳಗ್ಗೆ ಕಾಯಿ ತಿರುವಿದ್ದೆ. ಜಾರು ತೊಳೆದಿದ್ದೆ. ಮುಚ್ಚಳದ ರಬ್ಬರಿನ ಸಂದಿಯಲ್ಲಿ ಪುಡಿ ಕೂತಿತ್ತು.

ಇದನ್ನು ವಿವರಿಸುತ್ತಿದ್ದಾಗ ಅತ್ತೆ ಥಟ್ಟನೆ ಕೇಳಿದರು, "ಅಂದ್ರ, ಶೇಂಗಾ ಮುಸುರಿ ಅನ್ನು?"

ಅಷ್ಟೇ. ನನ್ನ ವರ್ಷಗಟ್ಟಲೆಯ ವಾದ ಆ ಒಂದು ಮಾತಿನಲ್ಲಿ ಮುಗಿಯಿತು. ಅನ್ನದ ಕೈಯಲ್ಲಿ ಉಪ್ಪಿನಕಾಯಿ ಜಾಡಿ ಮುಟ್ಟಬಾರದು, ಸಾರಿನ ಸೌಟು ಮಜ್ಜಿಗೆಗೆ ಹೋಗಬಾರದು ಎಂದು ಎಪ್ಪತ್ತು ವರ್ಷ ಪಾಲಿಸಿದ ಕೈಗೆ ಯಾವ ವೈದ್ಯಶಾಸ್ತ್ರವನ್ನೂ ಕಲಿಸಬೇಕಾಗಲಿಲ್ಲ. ಮಡಿಯ ಹೆಸರಿನಲ್ಲಿ ಮನುಷ್ಯರನ್ನೇ ದೂರವಿಟ್ಟ ಕಥೆ ಇದೆಯಲ್ಲ, ಅದನ್ನು ಹೊಗಳುತ್ತಿಲ್ಲ. ನಮ್ಮನೆಯಲ್ಲಿ ದೂರವಿಡುವುದು ಕಡಲೆಕಾಯಿಯನ್ನು ಮಾತ್ರ.

ಈಗ ಮಗಳ ಅಡುಗೆಗೆ ಬೇರೆ ಜಾರು, ಬೇರೆ ಸೌಟು, ಬೇರೆ ಬಾಣಲೆ. ಮರದ ಸೌಟು ಹೊರಗೆ ಹೋಯಿತು, ಅದರ ಬಿರುಕಿನಲ್ಲಿ ಏನು ಕೂತಿರುತ್ತದೋ ಯಾರಿಗೆ ಗೊತ್ತು. ಮೊದಲು ಅವಳದು ಬೇಯಬೇಕು, ಆಮೇಲೆ ನಮ್ಮದು. ಚಪಾತಿ ಬೇಯಿಸುವ ತವೆಯಲ್ಲಿ ಅವಳ ರೊಟ್ಟಿ ಇಲ್ಲ. ಕೈ ತೊಳೆಯುವುದು ಸೋಪಿನಲ್ಲೇ. ಬರಿ ನೀರಿಗೂ ಸ್ಯಾನಿಟೈಸರಿಗೂ ಕಡಲೆಕಾಯಿಯ ಪ್ರೋಟೀನು ಪೂರ್ತಿ ಬಿಟ್ಟುಹೋಗುವುದಿಲ್ಲ. ಹುರಿದರೆ ದೋಷ ಹೋಗುತ್ತದೆ ಎನ್ನುವವರಿದ್ದಾರೆ. ಕಡಲೆಕಾಯಿಯ ವಿಷಯದಲ್ಲಿ ಅದು ಉಲ್ಟಾ, ಹುರಿದದ್ದೇ ಹೆಚ್ಚು ಕಾಡುತ್ತದೆ.

ಇನ್ನು ಅಡಗಿ ಕೂತವು. ಡಬ್ಬಿಯ ಇಂಗಿನಲ್ಲಿ ಬರಿ ಇಂಗಿರುವುದಿಲ್ಲ, ಗೋಂದಿನ ಜೊತೆ ಹಿಟ್ಟು ಬೆರೆಸಿರುತ್ತಾರೆ, ಎಷ್ಟೋ ಸಲ ಅದು ಗೋಧಿಯದೇ. ಗಾಣದ ಎಣ್ಣೆ ಈಗ ಬಹಳ ಜನಪ್ರಿಯ. ಆದರೆ ಗಾಣದ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನು ಉಳಿದಿರುತ್ತದೆ. ತುಪ್ಪ ಎಷ್ಟು ಕಾಯಿಸಿದರೂ ಹಾಲಿನ ಅಂಶ ಪೂರ್ತಿ ಹೋಗುವುದಿಲ್ಲ. ರಾಗಿಯಲ್ಲಿ ಗೋಧಿಯಿಲ್ಲ ನಿಜ, ಆದರೆ ಗಿರಣಿಯಲ್ಲಿ ನಮಗಿಂತ ಮುಂಚೆ ಯಾರು ಏನು ಬೀಸಿಸಿದರು? ರಾಗಿಯನ್ನು ನಾವು ಮನೆಯಲ್ಲೇ ಬೀಸಿಕೊಳ್ಳುತ್ತೇವೆ. ಒಂದು ತಮಾಷೆ ಕೇಳಿ: ನಮ್ಮನೆಗೆ ಇಡ್ಲಿ ರವೆ ಬರಬಹುದು, ರವೆ ಇಡ್ಲಿ ಬರುವ ಹಾಗಿಲ್ಲ. ಮೊದಲನೆಯದು ಅಕ್ಕಿತರಿ, ಎರಡನೆಯದು ಗೋಧಿ.

ಪೊಟ್ಟಣದ ತಿಂಡಿ ತರುವವರು ಹಿಂಬದಿ ಓದಲೇಬೇಕು. ನಮ್ಮ ದೇಶದ 2020ರ ಲೇಬಲ್ ನಿಯಮದಲ್ಲಿ ಹಾಲು, ಮೊಟ್ಟೆ, ಕಡಲೆಕಾಯಿ, ಸೋಯಾ, ಗೋಧಿಯಂಥ ಗ್ಲೂಟನ್ ಇರುವ ಧಾನ್ಯ, ಮೀನು ಇಂಥವನ್ನು ಅಲರ್ಜಿ ಎಚ್ಚರಿಕೆಯಾಗಿ ಬರೆಯಬೇಕು. ಆ ಪಟ್ಟಿಯಲ್ಲಿ ಎಳ್ಳಿಲ್ಲ. ಅಮೆರಿಕದಲ್ಲಿ 2023ರಿಂದ ಎಳ್ಳನ್ನು ಸೇರಿಸಿದ್ದಾರೆ. ಹಾಗಾಗಿ ನಾವು ಎಚ್ಚರಿಕೆಯ ಸಾಲಿಗೇ ನಿಲ್ಲದೆ ಪದಾರ್ಥಗಳ ಸಾಲನ್ನು ಪೂರ್ತಿ ಓದಬೇಕು.

ಹಾಗಾದರೆ ಹುಡುಗಿ ತಿನ್ನುವುದೇನು? ಬೇಕಾದಷ್ಟಿದೆ. ರಾಗಿ ಹುರಿಹಿಟ್ಟಿಗೆ ಬೆಲ್ಲ, ಬಾಳೆಹಣ್ಣು. ಎಳ್ಳಿನ ಬದಲು ಜೀರಿಗೆ, ಬೆಣ್ಣೆಯ ಬದಲು ಕಾದ ಎಣ್ಣೆ ಹಾಕಿದ ಚಕ್ಕುಲಿ. ಹಲಸಿನ ಹಪ್ಪಳ. ಮಲೆನಾಡಿನ ಒತ್ತು ಶಾವಿಗೆಗೆ ಕಾಯಿಹಾಲು. ಕಾಯಿಹಾಲಿಗೆ ಎಳ್ಳುಪುಡಿ ಹಾಕುವವರಿದ್ದಾರೆ, ನಮಗೆ ಏಲಕ್ಕಿ ಸಾಕು. ಅವಲಕ್ಕಿಗೆ ಕಡಲೆಕಾಯಿಯ ಜಾಗದಲ್ಲಿ ಹುರಿಗಡಲೆ. ಅದನ್ನು ನಾನು ಡಾಕ್ಟರನ್ನು ಕೇಳಿಯೇ ಕೊಟ್ಟದ್ದು, ಏಕೆಂದರೆ ಎರಡೂ ದ್ವಿದಳದ ಬಳಗ, ಕೆಲವು ಮಕ್ಕಳಿಗೆ ಅದೂ ಆಗದು. ಎಲ್ಲವೂ ಗೆಲ್ಲಲಿಲ್ಲ. ಕಡಲೆಕಾಯಿ ಇಲ್ಲದ ನಿಪ್ಪಟ್ಟು ಮಾಡಿ ನೋಡಿದೆ. ಅದು ನಿಪ್ಪಟ್ಟೂ ಅಲ್ಲ, ಹಪ್ಪಳವೂ ಅಲ್ಲ. ಬಿಟ್ಟುಬಿಟ್ಟೆ.

ಅನುಮಾನದ ಮೇಲೆ ಮಕ್ಕಳ ತಟ್ಟೆಯಿಂದ ಒಂದೊಂದೇ ಪದಾರ್ಥ ತೆಗೆಯುತ್ತಾ ಹೋಗಬೇಡಿ, ಮೊದಲು ತಜ್ಞರಿಗೆ ತೋರಿಸಿ. ನಮ್ಮ ಫ್ರಿಜ್ಜಿನ ಬಾಗಿಲಿಗೆ ಡಾಕ್ಟರು ಬರೆದುಕೊಟ್ಟ ಹಾಳೆ ಅಂಟಿಸಿದೆ. ಉಸಿರು ಕಟ್ಟಿದರೆ, ಮಗು ಸೋತು ಬಿದ್ದರೆ ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು, ಕೂಡಲೇ 108. ಅಲರ್ಜಿ ಸಿರಪ್ಪು ಕುಡಿಸಿ ಕಾಯುತ್ತಾ ಕೂರುವ ಹೊತ್ತಲ್ಲ ಅದು.

ಕಳೆದ ಸಂಕ್ರಾಂತಿಗೆ ಅತ್ತೆ ತಾವೇ ಕೂತು ಕೊಬ್ಬರಿ, ಬೆಲ್ಲ ಹೆಚ್ಚಿದರು. ಅವರ ಕಡೆ ಕುಸುರೆಳ್ಳು, ನನ್ನ ತವರಿನಲ್ಲಿ ಎಳ್ಳುಬೆಲ್ಲ, ಎರಡಕ್ಕೂ ಎಳ್ಳೇ ಬೇಕು. ಎಳ್ಳಿನ ಬದಲು ಕುಂಬಳದ ಬೀಜ, ಜೊತೆಗೆ ಹುರಿಗಡಲೆ ಹಾಕಿದರು. ನೆರೆಯವರು ಬೀರಿದ ಪೊಟ್ಟಣಗಳನ್ನೆಲ್ಲ ಮೇಲಿನ ಕಪಾಟಿಗೆ ಏರಿಸಿ, ಸೋಪು ಹಚ್ಚಿ ಕೈ ತೊಳೆದು ಬಂದು, ಮೊಮ್ಮಗಳ ಅಂಗೈಗೆ ಹಾಕುತ್ತಾ ಕೇಳಿದರು, "ಎಳ್ಳಿಲ್ಲದ ಎಳ್ಳುಬೆಲ್ಲಕ್ಕ ಏನಂತಾರವ್ವಾ?"

ಅವಳು ಬಾಯಿ ತುಂಬ ತುಂಬಿಕೊಂಡೇ ಹೇಳಿದಳು, "ಬೆಲ್ಲ!"

ನಮಸ್ಕಾರ.