ರಕ್ತ ನಿಂತಿತು, ಸುಸ್ತು ಹೋಗಲಿಲ್ಲ

ಕೇಳುಗರಿಗೆ ನಮಸ್ಕಾರ.

ನಮ್ಮ ಉಡುಪಿ ಕಡೆ ಪ್ರಾಯದವರಿಗೆ ಮೊಣಗಂಟು ನೋವು ಬಂದರೆ ಮೆಡಿಕಲ್ ಶಾಪಿನ ನೋವಿನ ಮಾತ್ರೆಯೇ ಮೊದಲ ಮದ್ದು. ಜೊತೆಗೆ ಹೃದಯಕ್ಕೆಂದು ಆಸ್ಪಿರಿನ್ ಬೇರೆ. ಎರಡೂ ಸೇರಿದರೆ ಜಠರದಲ್ಲಿ ಹುಣ್ಣಾಗಿ ರಕ್ತ ಸೋರುವುದುಂಟು. ಆಸ್ಪತ್ರೆಗೆ ಸೇರಿಸುತ್ತಾರೆ, ಬಾಯಿಯಿಂದ ಕ್ಯಾಮೆರಾ ಕೊಳವೆ ಬಿಟ್ಟು ನೋಡುವ ಎಂಡೋಸ್ಕೋಪಿ ಆಗುತ್ತದೆ, ರಕ್ತ ನಿಲ್ಲುತ್ತದೆ. ಮನೆಗೆ ಬಂದ ಅಜ್ಜಿ ಮಾತ್ರ ಅಂಗಳ ದಾಟುವಷ್ಟರಲ್ಲಿ ಏದುಸಿರು ಬಿಡುತ್ತಾರೆ. "ಪ್ರಾಯ ಆಯ್ತಲ್ಲ" ಅಂತ ಸುಮ್ಮನಾಗಬೇಡಿ. ಹಿಮೋಗ್ಲೋಬಿನ್, ಅಂದರೆ ರಕ್ತದಲ್ಲಿ ಆಮ್ಲಜನಕ ಹೊರುವ, ಕಬ್ಬಿಣ ಸೇರಿ ಆಗುವ ಅಂಶ ಎಷ್ಟಿದೆ ಅಂತ ನೋಡಿಸಿ. ನೂರು ಮಿಲಿಲೀಟರ್ ರಕ್ತಕ್ಕೆ ಹೆಂಗಸರಲ್ಲಿ 12, ಗಂಡಸರಲ್ಲಿ 13 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ.

ಅರ್ಧ ಲೀಟರ್ ರಕ್ತ ಹೋದರೆ ಸುಮಾರು 250 ಮಿಲಿಗ್ರಾಂ ಕಬ್ಬಿಣ ಹೋದಂತೆ. ಊಟದಿಂದ ಮೈಗೆ ಹತ್ತುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಅಷ್ಟೆ. ಹರಿವೆ ಸೊಪ್ಪು, ಬೂತಾಯಿ ಮೀನು ತಿನ್ನಲಿ, ಒಳ್ಳೆಯದೇ. ಆದರೆ ಅಷ್ಟರಲ್ಲೇ ನಷ್ಟ ತುಂಬುವುದಿಲ್ಲ. ಅದಕ್ಕೇ ಕಬ್ಬಿಣದ ಮಾತ್ರೆ.

ದಿನಕ್ಕೊಂದೋ, ದಿನ ಬಿಟ್ಟು ದಿನವೋ ಎಂದು ಡಾಕ್ಟರ್ ಹೇಳುತ್ತಾರೆ. ಎರಡು ನುಂಗಿದರೆ ಬೇಗ ರಕ್ತ ಬರುತ್ತದೆ ಎಂಬುದು ಸುಳ್ಳು, ಹೊಟ್ಟೆ ಕೆಡುತ್ತದೆ ಅಷ್ಟೆ. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಚೆನ್ನಾಗಿ ಹತ್ತುತ್ತದೆ. ವಾಕರಿಕೆ ಬಂದರೆ ಊಟದ ನಂತರ ತಗೊಳ್ಳಿ. ಚಾ, ಕಾಫಿ, ಕ್ಯಾಲ್ಸಿಯಂ ಮಾತ್ರೆ ಇದರ ಜೊತೆ ಬೇಡ, ಒಂದೆರಡು ಗಂಟೆ ಬಿಡಿ. ಗ್ಯಾಸಿನ ಮಾತ್ರೆಯೂ ಕಬ್ಬಿಣ ಹತ್ತುವುದನ್ನು ಸ್ವಲ್ಪ ತಗ್ಗಿಸುತ್ತದೆ, ನಿಜ. ಹಾಗಂತ ಹುಣ್ಣಿಗೆ ಕೊಟ್ಟದ್ದನ್ನು ನೀವೇ ನಿಲ್ಲಿಸಬೇಡಿ.

ಜಾಸ್ತಿ ಜನ ಮಾತ್ರೆ ಬಿಡುವುದು ಒಂದು ಹೆದರಿಕೆಯಿಂದ. ಮಲ ಕಪ್ಪಾಗುತ್ತದೆ, ಮತ್ತೆ ರಕ್ತ ಹೋಗುತ್ತಿದೆ ಅಂದುಕೊಳ್ಳುತ್ತಾರೆ. ಕಬ್ಬಿಣ ತಗೊಂಡರೆ ಮಲ ಕಪ್ಪಾಗುವುದು ಸಹಜ, ಆದರೆ ಗಟ್ಟಿಯಾಗೇ ಇರುತ್ತದೆ. ರಕ್ತ ಸೋರಿದರೆ ಡಾಂಬರಿನ ಹಾಗೆ ಹೊಳೆಯುತ್ತ ಅಂಟುತ್ತದೆ, ನಾತ ತಡೆಯಲಾಗದು. ಹಾಗಿದ್ದರೆ, ಅಥವಾ ತಲೆ ತಿರುಗಿದರೆ, ಬೆಳಗಾಗಲಿ ಅಂತ ಕಾಯಬೇಡಿ. ಯಾವುದೆಂದು ಗೊತ್ತಾಗದಿದ್ದರೂ ತೋರಿಸಿ.

ಮೂರ್ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಸುಮಾರು ಎರಡು ಗ್ರಾಂ ಏರಬೇಕು. ಸರಿಹೋದ ಮೇಲೂ ಮೂರು ತಿಂಗಳು ಮಾತ್ರೆ ಮುಂದುವರಿಸುತ್ತಾರೆ, ಒಳಗಿನ ದಾಸ್ತಾನು ತುಂಬಬೇಕಲ್ವಾ? ಏರದಿದ್ದರೆ ಎಲ್ಲೋ ಇನ್ನೂ ಸೋರುತ್ತಿರಬಹುದು, ಆಗ ದೊಡ್ಡ ಕರುಳನ್ನೂ ನೋಡಿಸಬೇಕಾಗುತ್ತದೆ. ಮಾತ್ರೆ ಮೈಗೆ ಹತ್ತದಿದ್ದರೆ ನರದ ಮೂಲಕ ಕಬ್ಬಿಣ ಕೊಡುತ್ತಾರೆ. ಡ್ರಿಪ್ ಅಂದರೆ ಕೆಲವರಿಗೆ ಗಾಬರಿ. ಆಸ್ಪತ್ರೆಯಲ್ಲೇ ಕೂರಿಸಿ, ನಿಗಾ ಇಟ್ಟು ಕೊಡುತ್ತಾರೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು.