ಮಗುವಿನ ಪಾಲಿನ ದುಡ್ಡು

ಕೇಳುಗರಿಗೆಲ್ಲ ನಮಸ್ಕಾರ.

ಜೂನ್ ಬಂತು, ಶಾಲೆ ಶುರುವಾಯಿತು. ಪುಸ್ತಕ, ಯೂನಿಫಾರಂ, ಶೂ, ವ್ಯಾನ್ ಫೀಸು ಅಂತ ಎಲ್ಲರ ಮನೆಯಲ್ಲೂ ಲೆಕ್ಕ ನಡೆದಿದೆ. ನಾನು ಫ್ಯಾಮಿಲಿ ಕೋರ್ಟಿನಲ್ಲಿ ವಕೀಲಿ ಮಾಡುವವಳು. ಈ ತಿಂಗಳು ನನ್ನ ಆಫೀಸಿಗೆ ಬರುವವರ ಮಾತು ಹೆಚ್ಚುಕಡಿಮೆ ಒಂದೇ. ತಾಯಿ ಹೇಳುತ್ತಾರೆ, "ಮೇಡಂ, ಫೀಸಿಗೆ ಅಂತ ಒಂದು ರೂಪಾಯಿ ಕಳಿಸಿಲ್ಲ." ತಂದೆ ಹೇಳುತ್ತಾರೆ, "ಮಗೂನೇ ತೋರಿಸಲ್ಲ ಮೇಡಂ, ನಾನ್ಯಾಕೆ ದುಡ್ಡು ಕೊಡ್ಲಿ?"

ಇಬ್ಬರ ಸಂಕಟವೂ ನಿಜವೇ ಇರಬಹುದು. ಆದರೆ ಮಗುವನ್ನು ನೋಡುವುದು ಒಂದು ಅರ್ಜಿ, ಸಾಕುವುದು ಇನ್ನೊಂದು. ಮಗುವನ್ನು ತೋರಿಸುತ್ತಿಲ್ಲ ಅಂದರೆ ಭೇಟಿಗೆ ದಿನ ಗೊತ್ತು ಮಾಡಿಕೊಡಿ ಅಂತ ಕೋರ್ಟನ್ನೇ ಕೇಳಿ, ದುಡ್ಡು ನಿಲ್ಲಿಸಬೇಡಿ. ತಾಯಂದಿರಿಗೂ ಇದೇ ಮಾತು. ಈ ತಿಂಗಳ ದುಡ್ಡು ಬಂದಿಲ್ಲ ಅಂತ ಭಾನುವಾರದ ಭೇಟಿ ತಪ್ಪಿಸಬೇಡಿ. ಅಪ್ಪ ಬರುತ್ತಾರೆ ಅಂತ ಮಗು ಬೆಳಿಗ್ಗೆಯೇ ತಲೆ ಬಾಚಿಕೊಂಡು ಕೂತಿರುತ್ತದೆ, ಅಲ್ವಾ?

ಜೀವನಾಂಶ ಅಂದ ಕೂಡಲೇ ನಮಗೆ ಹೊಳೆಯುವುದು ಹೆಂಡತಿ. ಮಗುವಿನದು ಅದಕ್ಕಿಂತ ಬೇರೆ. ಹೆಂಡತಿ ಮತ್ತೆ ಮದುವೆಯಾದರೆ ಅವಳ ಜೀವನಾಂಶ ನಿಲ್ಲಬಹುದು, ಮಗುವಿನದು ಅದರಿಂದ ನಿಲ್ಲುವುದಿಲ್ಲ. ಒಪ್ಪಿಗೆಯ ಡೈವೋರ್ಸಿನಲ್ಲಿ ಕೆಲವರು "ನನಗೂ ಬೇಡ, ಮಗುವಿಗೂ ಬೇಡ, ಬಿಟ್ರೆ ಸಾಕು" ಅಂತ ಸಹಿ ಹಾಕಿಬಿಡುತ್ತಾರೆ. ತನ್ನದನ್ನು ತಾಯಿ ಬೇಡ ಅನ್ನಲಿ. ಮಗುವಿನ ಪಾಲನ್ನು ಬಿಟ್ಟುಕೊಡೋಕೆ ಅದು ಅವರದ್ದಲ್ಲವಲ್ಲ!

ಜೀವನಾಂಶ ಕೊಡಿಸುವ, ಹಳೇ ಕ್ರಿಮಿನಲ್ ಪ್ರೊಸೀಜರ್ ಕೋಡಿನ 125ನೇ ಕಲಂ ಅಂತ ಕೇಳಿರುತ್ತೀರಿ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ನಂಬರು ಬದಲಾಯಿತು, ತಿರುಳು ಅದೇ. ಯಾವ ಧರ್ಮದವರಾದರೂ ಸರಿ, ಅಪ್ಪ-ಅಮ್ಮನಿಗೆ ಮದುವೆಯೇ ಆಗಿರದಿದ್ದರೂ ಸರಿ, ಮಗುವನ್ನು ಸಾಕುವ ಹೊಣೆ ತಪ್ಪುವುದಿಲ್ಲ. ತಲಾಖ್ ಆದ ಮೇಲೆ ಮಗುವಿಗೆ ಎರಡು ವರ್ಷ ತುಂಬುವವರೆಗೆ ಮಾತ್ರ ಜೀವನಾಂಶ ಅನ್ನುವ ವಾದವೂ ಒಮ್ಮೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1997ರಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ.

ಎಷ್ಟು ಕೊಡಬೇಕು? ಹಿಂದೆ ಈ ಕಲಮಿನಲ್ಲಿ ತಿಂಗಳಿಗೆ 500 ರೂಪಾಯಿಯ ಮಿತಿ ಇತ್ತು. 2001ರಲ್ಲಿ ಅದನ್ನು ತೆಗೆದರು. ಈಗ ಇಷ್ಟೇ ಅನ್ನುವ ಪಟ್ಟಿ ಇಲ್ಲ. ಅಪ್ಪ-ಅಮ್ಮನ ವರಮಾನ, ಮಗುವಿನ ಓದು, ಔಷಧಿ, ಬೆಳೆದು ಬಂದ ರೀತಿ ಎಲ್ಲ ನೋಡುತ್ತಾರೆ. ನಮ್ಮಲ್ಲಿ ಇನ್ನೊಂದು ಚಾಳಿ ಇದೆ. ಕೋರ್ಟಿಗೆ ಬಂದ ಕೂಡಲೇ ಎಲ್ಲರೂ ಬಡವರಾಗಿಬಿಡುತ್ತಾರೆ! ಅದಕ್ಕೇ 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ಒಂದು ಪ್ರಕರಣದ ತೀರ್ಪಿನಲ್ಲಿ ಒಂದು ಕ್ರಮ ಹಾಕಿಕೊಟ್ಟಿತು. ಗಂಡ, ಹೆಂಡತಿ ಇಬ್ಬರೂ ಸಂಬಳ, ಆಸ್ತಿ, ಸಾಲ, ಖರ್ಚು ಎಲ್ಲ ಬರೆದು ಅಫಿಡವಿಟ್ ಕೊಡಬೇಕು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಿಡಿಯಬೇಕು. ಇದು ಸಣ್ಣ ಮಾತಲ್ಲ. ಮೊದಲು ವಾಯಿದೆಯ ಮೇಲೆ ವಾಯಿದೆ ತೆಗೆದುಕೊಂಡಷ್ಟೂ ಕೊಡುವವರಿಗೆ ಲಾಭ ಆಗುತ್ತಿದ್ದುದೂ ಉಂಟು. ಆ ಪ್ರಕರಣದಲ್ಲಿ ಮಗನಿಗೆ ಮೊದಲು ತಿಂಗಳಿಗೆ 5,000, ಎರಡು ವರ್ಷದ ಮೇಲೆ 10,000 ರೂಪಾಯಿ ಅಂತ, ತಾಯಿಯದಕ್ಕಿಂತ ಬೇರೆಯಾಗಿಯೇ ಗೊತ್ತು ಮಾಡಿದ್ದರು. ಮಗು ಬೆಳೆದ ಹಾಗೆ ಖರ್ಚೂ ಬೆಳೆಯುತ್ತದೆ. ತಾಯಿಗೂ ಒಳ್ಳೆ ಸಂಬಳ ಇದ್ದರೆ ಓದಿನ ಖರ್ಚನ್ನು ಇಬ್ಬರೂ ಅವರವರ ವರಮಾನಕ್ಕೆ ತಕ್ಕಂತೆ ಹಂಚಿಕೊಳ್ಳಬಹುದು ಅಂತಲೂ ಅದೇ ತೀರ್ಪು ಹೇಳಿದೆ.

ಈಗ ದುಡ್ಡು ಕೊಡುವವರಿಗೆ ಒಂದು ಮಾತು. ನನ್ನ ಹತ್ತಿರ ಒಬ್ಬ ಆಟೋ ಡ್ರೈವರ್ ಬಂದಿದ್ದರು. ಮೂರು ವರ್ಷ ತಪ್ಪದೆ ಕೊಟ್ಟಿದ್ದೇನೆ ಅಂತ ಆಣೆ ಮಾಡಿದರು. ನನಗೂ ಸುಳ್ಳು ಅನ್ನಿಸಲಿಲ್ಲ. ಆದರೆ ಕೊಟ್ಟಿದ್ದೆಲ್ಲ ನಗದು, ಅದೂ ತಂಗಿಯ ಕೈಯಲ್ಲಿ. ಒಂದು ಚೀಟಿ ಇಲ್ಲ. ಕೋರ್ಟಿನಲ್ಲಿ ಎದುರು ಪಾರ್ಟಿ "ಏನೂ ಬಂದಿಲ್ಲ" ಅಂದಾಗ ಇವರು ಸುಮ್ನೆ ನಿಲ್ಲಬೇಕಾಯಿತು. ಬ್ಯಾಂಕ್ ಖಾತೆಗೆ ಹಾಕಿ, ಇಲ್ಲವೇ ಫೋನಿನಲ್ಲೇ ಕಳಿಸಿ. ಶಾಲೆಗೆ ನೇರವಾಗಿ ಕಟ್ಟಿದರೆ ರಸೀದಿ ಎತ್ತಿಡಿ. ಕೆಲಸ ಹೋಯಿತು, ವರಮಾನ ಇಳಿಯಿತು ಅನ್ನಿ. ಮೊತ್ತ ಕಡಿಮೆ ಮಾಡಿ ಅಂತ ಅರ್ಜಿ ಹಾಕೋಕೆ ದಾರಿ ಇದೆ. ಹೇಳದೆ ಕೇಳದೆ ನಿಲ್ಲಿಸಿದರೆ ಬಾಕಿ ಬೆಳೆಯುತ್ತಾ ಹೋಗುತ್ತದೆ.

ಬಾಕಿ ಉಳಿಸಿಕೊಂಡರೆ ಕೋರ್ಟು ವಾರಂಟ್ ಹೊರಡಿಸಿ ವಸೂಲಿ ಮಾಡಬಹುದು. ಆಗಲೂ ಕಟ್ಟದಿದ್ದರೆ ಬಾಕಿ ಇರುವ ಒಂದೊಂದು ತಿಂಗಳಿಗೆ ಒಂದು ತಿಂಗಳವರೆಗೂ ಜೈಲಿಗೆ ಹಾಕಬಹುದು. "ಜೈಲಿಗೆ ಹೋಗಿ ಬಂದೆ, ಲೆಕ್ಕ ಚುಕ್ತಾ" ಅನ್ನುವವರಿದ್ದಾರೆ. ಇಲ್ಲ, ಜೈಲಿಗೆ ಹೋದರೂ ಬಾಕಿ ಹಾಗೇ ಇರುತ್ತದೆ. ಪಡೆಯುವವರು ಮರೆಯಬಾರದ್ದು ಒಂದಿದೆ. ವಸೂಲಿಯ ಅರ್ಜಿಯನ್ನು ದುಡ್ಡು ಬರಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. "ಇವತ್ತಲ್ಲ ನಾಳೆ ಕೊಡ್ತಾರೆ, ಎಷ್ಟಾದರೂ ಮಗುವಿನ ಅಪ್ಪ" ಅಂತ ಕಾದು ಎರಡು ವರ್ಷ ಕಳೆದ ಮೇಲೆ ಬರುತ್ತಾರೆ. ಆಗ ಹಳೇ ಬಾಕಿಯಲ್ಲಿ ಒಂದಷ್ಟು ಈ ದಾರಿಯಲ್ಲಿ ಸಿಗುವುದೇ ಇಲ್ಲ. ಅದನ್ನು ಅವರಿಗೆ ಹೇಳುವುದು ನನ್ನ ಕೆಲಸದಲ್ಲಿ ಅತಿ ಕಷ್ಟದ ಗಳಿಗೆ.

ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂತ ಕೂರಬೇಡಿ. ಹೆಂಗಸರಿಗೂ ಮಕ್ಕಳಿಗೂ, ವರಮಾನ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ. ಎಲ್ಲ ಜಿಲ್ಲೆಗಳಲ್ಲೂ ಪ್ರಾಧಿಕಾರ ಇದೆ. ಫೋನ್ ನಂಬರು 15100. ಹೋಗುವಾಗ ಮಗುವಿನ ಜನನ ಪ್ರಮಾಣಪತ್ರ, ಫೀಸಿನ ರಸೀದಿ, ಔಷಧಿ ಬಿಲ್ಲು, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸು ತೆಗೆದುಕೊಂಡು ಹೋಗಿ. ಮಗುವನ್ನು ಮಾತ್ರ ಆದಷ್ಟು ಮನೆಯಲ್ಲೇ ಬಿಟ್ಟು ಹೋಗಿ. ಕೋರ್ಟಿನ ಬೆಂಚಿನ ಮೇಲೆ ಹೋಂವರ್ಕ್ ಬರೆಯುವ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ.

ನಮಸ್ಕಾರ.